ಸೈಕಲ್ಲಿನ ದೀಪ: ಇರುಳ ದಾರಿಯ ಸೌಜನ್ಯ

ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ‘ದೇಹಲೀದೀಪ ನ್ಯಾಯ’ವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ಒಂದೇ ಹಣತೆ ಮನೆಯ ಒಳಗನ್ನೂ ಹೊರಗನ್ನೂ ಬೆಳಗುವಂತೆ, ಒಂದೇ ವಸ್ತುವು ಎರಡು ಪ್ರಯೋಜನಗಳನ್ನು ಸಾಧಿಸುವುದೆಂದು ಅದರ ತಾತ್ಪರ್ಯ. ಸೈಕಲ್ಲಿನ ದೀಪವು ಈ ನ್ಯಾಯಕ್ಕೆ ಒಪ್ಪುವ ನಿದರ್ಶನ. ಅದು ಸವಾರನಿಗೆ ದಾರಿಯನ್ನು ತೋರಿಸುತ್ತದೆ; ಸವಾರನನ್ನು ಇತರರಿಗೆ ತೋರಿಸುತ್ತದೆ. ಕತ್ತಲಾದ ಮೇಲೆ ಸವಾರರ ನಡುವೆ ಹುಟ್ಟುವ ಅನೇಕ ಜಗಳಗಳು ಈ ಎರಡರಲ್ಲಿ ಒಂದನ್ನು ಮರೆತುದರ ಫಲ.

ದೀಪವಿಲ್ಲದೆ ಹೋಗುವವನ ವಾದವೆಂದರೆ, “ಬೀದಿದೀಪದ ಬೆಳಕೇ ಸಾಕು, ದಾರಿ ನನಗೆ ಕಾಣುತ್ತದೆ” ಎಂಬುದು. ಅವನಿಗೆ ದಾರಿ ಕಂಡೀತು. ಎದುರಿನವನಿಗೆ ಅವನು ಕಾಣಬೇಡವೆ? ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬರುವ ಇಬ್ಬರು ಎದುರುಬದುರಾದರೆ ಅವರ ನಡುವಣ ಅಂತರವು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚಾಗಿ ಕುಗ್ಗುತ್ತದೆ. 15 ಮೀಟರ್ ದೂರದಲ್ಲಿ ಕಪ್ಪು ಆಕೃತಿಯೊಂದು ಹಠಾತ್ತನೆ ತೋರಿದರೆ, ಬ್ರೇಕು ಹಿಡಿಯಲು ಎರಡು ಸೆಕೆಂಡಿನ ಅವಕಾಶವೂ ಇರದು.

ಹಿಂದೆ ದೋಷವಿದ್ದುದು ಬೆಳಕಿನ ಕೊರತೆಯಲ್ಲಿ. ಟೈರಿಗೆ ತಾಗಿ ತಿರುಗುವ ಡೈನಮೊ ಸಾಮಾನ್ಯವಾಗಿ 6 ವೋಲ್ಟ್, 3 ವಾಟ್ ಸಾಮರ್ಥ್ಯದ್ದು; ಸೈಕಲ್ ನಿಂತೊಡನೆ ದೀಪವೂ ಆರುತ್ತಿತ್ತು. ಎಲ್‌ಇಡಿ ದೀಪಗಳು ಬಂದ ಮೇಲೆ ಬೆಳಕಿನ ಅತಿಶಯವೇ ಹೊಸ ಕಲಹಕ್ಕೆ ಕಾರಣವಾಗಿದೆ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷಗಳು ಬೇಕು. ಪ್ರಖರವಾದ ಬೆಳಕು ಬಿದ್ದಾಗ ಆ ಶಕ್ತಿ ಕ್ಷಣದಲ್ಲಿ ಕುಂದುತ್ತದೆ. ಹಾಗೆ ಕಣ್ಣು ಕೋರೈಸಿದ ಸವಾರನು ಮೂರೇ ಸೆಕೆಂಡುಗಳಲ್ಲಿ 12 ಮೀಟರಿಗೂ ಹೆಚ್ಚು ದೂರವನ್ನು ಏನೂ ಕಾಣದೆ ಕ್ರಮಿಸಿಬಿಡುತ್ತಾನೆ. ಆ ದೂರದಲ್ಲಿ ಗುಂಡಿಯಿರಬಹುದು, ನಡೆದು ಹೋಗುವ ಮುದುಕರಿರಬಹುದು. ಸಿಟ್ಟಿಗೆದ್ದು ಅವನೂ ತನ್ನ ದೀಪವನ್ನು ಮೇಲೆತ್ತಿದರೆ, ಕಾಣದವರು ಒಬ್ಬರಿದ್ದಲ್ಲಿ ಇಬ್ಬರಾಗುತ್ತಾರೆ.

ಇದಕ್ಕೆ ಪರಿಹಾರ ಸುಲಭವಾದುದು. ಜರ್ಮನಿಯಲ್ಲಿ ಬಹುಕಾಲ ಜಾರಿಯಲ್ಲಿದ್ದ ನಿಯಮದಂತೆ, ದೀಪದ ಕಿರಣದ ಮಧ್ಯಭಾಗವು 5 ಮೀಟರ್ ಮುಂದೆ ದೀಪದ ಎತ್ತರದ ಅರ್ಧಕ್ಕೆ ಇಳಿದಿರಬೇಕು. ಎಂದರೆ, ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಬೆಳಕು 5 ಮೀಟರ್ ದೂರದ ಗೋಡೆಯ ಮೇಲೆ 40 ಸೆಂಟಿಮೀಟರ್ ಎತ್ತರದಲ್ಲಿ ಬೀಳಬೇಕು. ಅದೇ ಬೆಳಕು ಗೋಡೆಯಿಲ್ಲದಲ್ಲಿ 10 ಮೀಟರ್ ಮುಂದೆ ನೆಲವನ್ನು ಮುಟ್ಟುವುದು. ದಾರಿಯೂ ಕಾಣುವುದು, ಎದುರಿನವನ ಕಣ್ಣೂ ಉಳಿಯುವುದು.

ಮಿನುಗುವ ದೀಪದ ವಿಷಯದಲ್ಲಿ ದೇಶಗಳಿಗೆ ಏಕಾಭಿಪ್ರಾಯವಿಲ್ಲ. ಬ್ರಿಟನ್ 2005ರಲ್ಲಿ ಅದಕ್ಕೆ ಅನುಮತಿಯಿತ್ತಿತು. ಜರ್ಮನಿಯಲ್ಲಿ ಮುಂದೀಪವು ಮಿನುಗಕೂಡದು. ಮಿನುಗುವ ಬೆಳಕು ಬೇಗ ಗಮನ ಸೆಳೆಯುವುದು ನಿಜ; ಆದರೆ ಬರುವವನ ದೂರವನ್ನೂ ವೇಗವನ್ನೂ ಅಳೆಯಲು ಸ್ಥಿರವಾದ ಬೆಳಕೇ ಅನುಕೂಲ. ಮುಂದೆ ಬಿಳಿ, ಹಿಂದೆ ಕೆಂಪು ಎಂಬ ಕ್ರಮವಾದರೋ ಸವಾರನು ಬರುತ್ತಿರುವನೋ ಹೋಗುತ್ತಿರುವನೋ ಎಂಬುದನ್ನು ತಿಳಿಸುವ ಭಾಷೆ. ಅದನ್ನು ಅದಲುಬದಲು ಮಾಡುವುದು ಸುಳ್ಳು ಹೇಳಿದಂತೆ.

ಉಳಿದ ಮರ್ಯಾದೆಗಳು ಇದರಿಂದಲೇ ಹೊರಡುತ್ತವೆ. ಮುಂದಿನವನನ್ನು ದಾಟುವ ಮೊದಲು ಸ್ವಲ್ಪ ದೂರದಿಂದಲೇ ಗಂಟೆ ಬಾರಿಸಿ ಬಲಗಡೆಯಿಂದ ಸಾಗಬೇಕು. ಕಿವಿಯ ಬಳಿ ಬಂದು ಬಾರಿಸಿದರೆ ಅವನು ಬೆಚ್ಚಿ ಅಡ್ಡಬಂದಾನು. ಗೆಳೆಯರು ಜೊತೆಜೊತೆಯಾಗಿ ಮಾತನಾಡುತ್ತ ರಸ್ತೆಯನ್ನೆಲ್ಲ ಆಕ್ರಮಿಸದೆ, ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕು. ಚೈನು ಕಳಚಿದರೆ ಸೈಕಲ್ಲನ್ನು ರಸ್ತೆಯ ಬದಿಗೆ ಇಳಿಸಿಯೇ ಸರಿಪಡಿಸಬೇಕು.

ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ ನೀಡುವ ಯೋಜನೆಯನ್ನು ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದುದು, ಶಾಲೆಗೂ ಹಳ್ಳಿಗೂ ನಡುವಣ ದಾರಿಯನ್ನು ಹತ್ತಿರ ಮಾಡಲೆಂದೇ. ಸಂಜೆಯ ವಿಶೇಷ ತರಗತಿ ಮುಗಿಸಿ ಮಕ್ಕಳು ಮನೆಗೆ ಮರಳುವಾಗ ಹೊತ್ತು ಮುಳುಗಿರುತ್ತದೆ. ಅಧ್ಯಾಪಕರು ಒಂದು ಸಂಜೆ ಶಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಪ್ರತಿಯೊಂದು ದೀಪವನ್ನೂ ಪರೀಕ್ಷಿಸಬಹುದು. ದಾನಿಗಳು ಸೈಕಲ್ಲಿನೊಡನೆ ಮುಂದೀಪವನ್ನೂ ಹಿಂಬದಿಗೆ ಕೆಂಪು ದೀಪವನ್ನೂ ಕೊಡಬಹುದು. ಅಲ್ಪವೆಚ್ಚದ ಈ ದಾನವು ಮಗುವನ್ನು ಮಾತ್ರವಲ್ಲದೆ ಅದರ ಎದುರಿಗೆ ಬರುವ ಅಪರಿಚಿತನನ್ನೂ ಕಾಯುತ್ತದೆ. ಹೊಸ್ತಿಲ ದೀಪದ ಧರ್ಮವೂ ಇದೇ ಅಲ್ಲವೆ?