ಬೇಸಗೆಯ ಪಾನಕ

ಚೈತ್ರ ಮಾಸವು ತಲೆದೋರಿತೆಂದರೆ ಮನೆಮನೆಯಲ್ಲಿಯೂ ಬಾಯಾರಿಕೆಯ ಮಾತು ಮೊದಲಾಗುವುದು. ಕೊಡಗೆಂದರೆ ಸದಾ ತಂಪಿನ ಸೀಮೆಯೆಂದು ಹೊರಗಿನವರು ಭಾವಿಸುವುದುಂಟು. ಕಾಫಿಯ ತೋಟಗಳೆಲ್ಲ ಹೂಮಳೆಗಾಗಿ ಬಾನನ್ನು ನೋಡುತ್ತ ನಿಂತಿರುವ ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಇಲ್ಲಿಗೆ ಬಂದವರಿಗೆ ಆ ಭಾವನೆಯು ಬಹುಕಾಲ ನಿಲ್ಲದು. ಮಧ್ಯಾಹ್ನದ ಬಿಸಿಲಿನಲ್ಲಿ ತೋಟದಿಂದ ಬಂದ ಆಳು, ಶಾಲೆಯಿಂದ ಬಂದ ಮಗು, ಸಂತೆಯಿಂದ ಬಂದ ಯಜಮಾನ, ಎಲ್ಲರೂ ಮೊದಲು ಕೇಳುವುದು ಕುಡಿಯುವುದಕ್ಕೆ ಏನಾದರೂ ತಂಪಾದುದನ್ನು. ಆ ಕೇಳಿಕೆಗೆ ಗೃಹಸ್ಥರು ಏನನ್ನು ಕೊಡಬೇಕೆಂಬುದೇ ಈ ಲೇಖನದ ವಿಷಯ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ವಾಚಕರು ಕೇಳಬಹುದು. ದೊಡ್ಡದೆಂದೇ ನಮ್ಮ ಅಭಿಪ್ರಾಯ. ಬೆವರಿನೊಡನೆ ದೇಹದಿಂದ ಹೊರಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಅವೆರಡೂ ಹಿಂದಿರುಗದಿದ್ದರೆ ತಲೆನೋವು, ಆಯಾಸ, ಕಣ್ಣು ಕತ್ತಲೆ ಬರುವುದು, ಮಾಂಸಖಂಡಗಳ ಸೆಳೆತ ಇವು ಕ್ರಮವಾಗಿ ಕಾಣಿಸಿಕೊಳ್ಳುವುವು. ಮಕ್ಕಳು ಆಟದ ಭರದಲ್ಲಿ ಬಾಯಾರಿಕೆಯನ್ನು ಮರೆಯುತ್ತಾರೆ. ವೃದ್ಧರಲ್ಲಿಯೋ ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತ ಹೋಗುವುದರಿಂದ, ದೇಹಕ್ಕೆ ನೀರು ಬೇಕಾಗಿದ್ದರೂ ಅವರು ಕೇಳುವುದಿಲ್ಲ. ಕೇಳದವರಿಗೂ ವೇಳೆಯರಿತು ಕೊಡುವುದು ಮನೆಯವರ ಕರ್ತವ್ಯ. ಬರಿಯ ನೀರನ್ನು ಬೇಡವೆನ್ನುವವರು ರುಚಿಯಾದ ಪಾನಕವನ್ನು ಬೇಡವೆನ್ನುವುದು ಅಪರೂಪ.

ಪೂರ್ವಿಕರ ಪಾನಕ

ಪಾನಕವು ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದುದಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ಕನ್ನಡದಲ್ಲಿ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಭಾವಮಿಶ್ರನು ಬರೆದ ‘ಭಾವಪ್ರಕಾಶ’ವೆಂಬ ವೈದ್ಯಗ್ರಂಥದಲ್ಲಿ ನಿಂಬೆಯ ಪಾನಕದ ಪ್ರಮಾಣವು ಸ್ಪಷ್ಟವಾಗಿ ಉಕ್ತವಾಗಿದೆ: ನಿಂಬೆಯ ರಸ ಒಂದು ಪಾಲು, ಸಕ್ಕರೆಯ ನೀರು ಆರು ಪಾಲು, ಜೊತೆಗೆ ಲವಂಗ ಮತ್ತು ಮೆಣಸು. ಅದೇ ಗ್ರಂಥವು ಮಾವಿನಕಾಯಿಯನ್ನು ಬೇಯಿಸಿ, ಕೈಯಿಂದ ಚೆನ್ನಾಗಿ ಹಿಸುಕಿ, ಸಕ್ಕರೆಯನ್ನೂ ತಣ್ಣೀರನ್ನೂ ಕೂಡಿಸಿ ಮಾಡುವ ಪಾನಕವನ್ನು ಹೇಳಿ, ಇದನ್ನು ಮೊದಲು ಮಾಡಿದವನು ಭೀಮಸೇನನೆಂದು ಹೊಗಳುತ್ತದೆ. ವಿರಾಟನ ಮನೆಯಲ್ಲಿ ಬಾಣಸಿಗನಾಗಿದ್ದವನಿಗೆ ಈ ಕೀರ್ತಿಯು ಸಂದುದು ಸಹಜವೇ ಸರಿ.

ಆ ಪ್ರಮಾಣಗಳನ್ನು ಇಂದು ಅಕ್ಷರಶಃ ಅನುಸರಿಸಬೇಕಾಗಿಲ್ಲ. ಒಂದಕ್ಕೆ ಆರರಂತೆ ಮಾಡಿದ ಪಾನಕವು ಬಲು ಗಟ್ಟಿ. ಸಣ್ಣ ಬಟ್ಟಲಿನಲ್ಲಿ ಸವಿಯುವುದಕ್ಕೆ ಯೋಗ್ಯವೇ ಹೊರತು, ಲೋಟ ತುಂಬ ಕುಡಿಯುವುದಕ್ಕಲ್ಲ. ಆದರೆ ಅದರ ಹಿಂದಿರುವ ತತ್ತ್ವವನ್ನು ಬಿಡಲಾಗದು. ಸಿಹಿ, ಹುಳಿ, ಖಾರ ಇವು ಮೂರೂ ಒಂದನ್ನೊಂದು ಮೀರದಂತೆ ಇರಬೇಕು. ಯಾವುದೂ ಅಳತೆಯಿಲ್ಲದೆ ಬೀಳಬಾರದು. ಇವುಗಳಿಗೆ ನಾಲ್ಕನೆಯದಾಗಿ ಒಂದು ಚಿಟಿಕೆ ಉಪ್ಪನ್ನು ಸೇರಿಸಿದರೆ ನಮ್ಮ ಪಾನಕವು ಸಿದ್ಧವಾಯಿತು.

ನಮ್ಮ ಊರಿನ ಸಾಮಗ್ರಿ

ನಾವಿರುವ ಸುಂಟಿಕೊಪ್ಪವು ಮಡಿಕೇರಿಗೂ ಕುಶಾಲನಗರಕ್ಕೂ ನಡುವಣ ಹೆದ್ದಾರಿಯ ಮೇಲಿನ ಊರು. ಈ ಹೆಸರನ್ನು ಕೇಳಿದವರಿಗೆ ಶುಂಠಿಯ ನೆನಪಾಗದೆ ಇರದು. ಸಂಸ್ಕೃತದಲ್ಲಿ ಹಸಿಶುಂಠಿಗೆ ಆರ್ದ್ರಕವೆಂದು ಹೆಸರು. ಒಣಗಿದುದಕ್ಕೆ ಶುಂಠೀ, ನಾಗರ, ಮಹೌಷಧ, ವಿಶ್ವಭೇಷಜ ಎಂಬ ಹೆಸರುಗಳುಂಟು. ಲೋಕಕ್ಕೆಲ್ಲ ಔಷಧವೆಂಬ ಬಿರುದನ್ನು ಪಡೆದ ಈ ಗಡ್ಡೆಯು ಪಾನಕಕ್ಕೂ ಜೀವವೆನ್ನಬೇಕು. ಶುಂಠಿಯಲ್ಲದೆ ತೋಟದ ನೆರಳಿನಲ್ಲಿ ಏಲಕ್ಕಿ, ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಮೆಣಸು, ಹಿತ್ತಿಲಲ್ಲಿ ನಿಂಬೆ, ಅಂಗಳದಲ್ಲಿ ತುಲಸಿ, ಬಚ್ಚಲ ನೀರು ಹರಿಯುವ ಕಡೆ ಮಜ್ಜಿಗೆ ಹುಲ್ಲು, ಹೀಗೆ ಎಲ್ಲವೂ ಇಲ್ಲಿಯ ಮನೆಗಳ ಸುತ್ತಲೇ ದೊರೆಯುವಂಥವು. ಹಣ ಕೊಟ್ಟು ತರಬೇಕಾದುದು ಬೆಲ್ಲ ಮತ್ತು ಉಪ್ಪು ಮಾತ್ರ. ಇಷ್ಟಿದ್ದೂ ಬಣ್ಣದ ನೀರಿನ ಬಾಟಲಿಗಾಗಿ ಅಂಗಡಿಗೆ ಹೋಗುವುದು ಹಿತ್ತಿಲ ಗಿಡವನ್ನು ಮರೆತಂತೆಯೇ ಅಲ್ಲವೆ?

ಬೇಕಾಗುವ ಸಾಮಾನುಗಳು

ಐದು ಲೋಟ ಪಾನಕಕ್ಕೆ: ಕುದಿಸಿ ಆರಿಸಿದ ನೀರು 1 ಲೀಟರು, ಬೆಲ್ಲ 60 ಗ್ರಾಂ, ಎಂದರೆ ಸಣ್ಣ ನಿಂಬೆಯ ಗಾತ್ರದ ಎರಡು ಉಂಡೆ, ನಡುಗಾತ್ರದ ನಿಂಬೆಹಣ್ಣು 2, ಹೆಬ್ಬೆರಳ ತುದಿಯಷ್ಟು ಹಸಿಶುಂಠಿ, ಏಲಕ್ಕಿ 3, ಕರಿಮೆಣಸು 5 ಕಾಳು, ಉಪ್ಪು ಕಾಲು ಟೀ ಚಮಚ, ತುಲಸಿಯ ಎಲೆ ಹತ್ತು, ಇಲ್ಲವೆ ಮಜ್ಜಿಗೆ ಹುಲ್ಲಿನ ಎರಡು ಎಸಳು. ಪುದಿನವನ್ನು ಬೆಳೆಸಿದವರು ಅದನ್ನೇ ಹಾಕಬಹುದು. ಆದರೆ ಒಂದು ಪಾನಕಕ್ಕೆ ಒಂದೇ ಸೊಪ್ಪು ಸಾಕು. ಮೂರನ್ನೂ ಹಾಕಿದರೆ ಯಾವುದರ ಪರಿಮಳವೂ ತಿಳಿಯದು.

ಮಾಡುವ ಕ್ರಮ

ಮೊದಲನೆಯ ಸ್ಥಾನವು ನೀರಿನದು. ಬಾವಿಯ ನೀರೇ ಆಗಲಿ, ನಲ್ಲಿಯ ನೀರೇ ಆಗಲಿ, ಕೊತಕೊತನೆ ಕುದಿದ ಮೇಲೆ ಇನ್ನೂ ಒಂದು ನಿಮಿಷ ಕುದಿಯಗೊಟ್ಟು, ಮುಚ್ಚಿಟ್ಟು ಆರಿಸತಕ್ಕದ್ದು. ಬೇಸಗೆಯಲ್ಲಿ ಬಾವಿಗಳು ತಳ ಕಾಣುವಾಗ ಈ ಎಚ್ಚರಿಕೆಯು ಇಮ್ಮಡಿಯಾಗಿರಬೇಕು. ಬಳಿಕ ಆ ನೀರನ್ನು ಮಣ್ಣಿನ ಹೂಜಿಗೆ ಹೊಯ್ದರೆ, ಹೂಜಿಯ ಸೂಕ್ಷ್ಮರಂಧ್ರಗಳಿಂದ ಒಸರುವ ತೇವವು ಗಾಳಿಗೆ ಆರುವಾಗ ಒಳಗಣ ಶಾಖವನ್ನು ಸೆಳೆದುಕೊಳ್ಳುವುದರಿಂದ ನೀರು ತಾನಾಗಿ ತಂಪಾಗುವುದು. ಹೂಜಿಯನ್ನು ಗಾಳಿಯಾಡುವ ನೆರಳಿನಲ್ಲಿಡಬೇಕು. ಎರಡು ಮೂರು ದಿನಗಳಿಗೊಮ್ಮೆ ಒಳಗೆಲ್ಲ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಅದರೊಳಕ್ಕೆ ಕೈಯನ್ನಾಗಲಿ ಎಂಜಲು ಲೋಟವನ್ನಾಗಲಿ ಅದ್ದಕೂಡದು. ಯಾವ ನೀರಿನಿಂದ ಮಾಡಿದುದೆಂದು ಗೊತ್ತಿಲ್ಲದ ಮಂಜುಗಡ್ಡೆಯನ್ನು ಪಾನಕಕ್ಕೆ ಹಾಕುವುದು, ಕುದಿಸಿದ ಶ್ರಮವನ್ನೆಲ್ಲ ಹೊಳೆಗೆ ಚೆಲ್ಲಿದಂತೆ.

ಬೆಲ್ಲವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ತೆಳುಬಟ್ಟೆಯಲ್ಲಿ ಸೋಸಿರಿ; ಮರಳು, ಕಬ್ಬಿನ ಸಿಪ್ಪೆ ಮೊದಲಾದುವು ಬಟ್ಟೆಯಲ್ಲಿ ಉಳಿಯುವುವು. ಶುಂಠಿಯ ಸಿಪ್ಪೆಯನ್ನು ಹೆರೆದು, ಜಜ್ಜಿ, ಒಂದೆರಡು ಚಮಚ ನೀರು ಚಿಮುಕಿಸಿ ರಸವನ್ನು ಹಿಂಡಿಕೊಳ್ಳಿರಿ. ಈ ರಸವನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ಬಿಳಿಯ ಹಿಟ್ಟು ತಳದಲ್ಲಿ ನಿಲ್ಲುವುದು. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡರೆ ಪಾನಕವು ಕೊನೆಯ ಗುಟುಕಿನವರೆಗೂ ನಿರ್ಮಲವಾಗಿರುವುದು. ಹಸಿಶುಂಠಿ ಇಲ್ಲದಾಗ ಒಣಶುಂಠಿಯ ಪುಡಿಯು ಕಾಲು ಚಮಚಕ್ಕಿಂತ ಹೆಚ್ಚು ಬೇಡ. ಒಣಗುವಾಗ ಶುಂಠಿಯ ಖಾರದ ಅಂಶವು ಮಾರ್ಪಟ್ಟು ಮತ್ತಷ್ಟು ತೀಕ್ಷ್ಣವಾಗುವುದು.

ಏಲಕ್ಕಿಯನ್ನೂ ಮೆಣಸನ್ನೂ ಆಗಿಂದಾಗಲೇ ಕುಟ್ಟಿಕೊಳ್ಳಬೇಕು. ಮುಂಚಿತವಾಗಿ ಕುಟ್ಟಿಟ್ಟರೆ ಪರಿಮಳದ ಎಣ್ಣೆಯು ಗಾಳಿಯ ಪಾಲಾಗುವುದು. ಮಜ್ಜಿಗೆ ಹುಲ್ಲನ್ನು ಹಾಕುವವರು ಅದನ್ನು ತೊಳೆದು, ಗಂಟು ಹಾಕಿ, ಕುದಿದು ಇಳಿಸಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ತೆಗೆಯಬೇಕು. ತುಲಸಿ, ಪುದಿನಗಳನ್ನಾದರೋ ಅಂಗೈಯಲ್ಲಿ ಮೆಲ್ಲನೆ ಉಜ್ಜಿ ಕಡೆಯಲ್ಲಿ ಹಾಕಿದರೆ ಸಾಕು.

ಈಗ ಬೆಲ್ಲದ ನೀರು, ತಣ್ಣೀರು, ಶುಂಠಿಯ ತಿಳಿ, ಪುಡಿಗಳು, ಉಪ್ಪು ಇವುಗಳನ್ನು ಕೂಡಿಸಿ, ಎಲ್ಲಕ್ಕೂ ಕೊನೆಯಲ್ಲಿ ನಿಂಬೆಯ ರಸವನ್ನು ಹಿಂಡಿರಿ. ಬಿಸಿಯಿರುವಾಗ ಹಿಂಡಿದರೆ ಅದರ ಜೀವಸತ್ವವು ಕುಂದುವುದು. ಸಿಪ್ಪೆಯನ್ನು ಬಲವಾಗಿ ಅದುಮಿದರೆ ಕಹಿಯಾಗುವುದು. ಪಾತ್ರೆಯು ಗಾಜಿನದು, ಮಣ್ಣಿನದು ಅಥವಾ ಸ್ಟೀಲಿನದಾಗಿರಲಿ. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳನ್ನು ಹುಳಿಯು ಕರಗಿಸುವುದರಿಂದ ಅವು ಸರ್ವಥಾ ಕೂಡದು.

ಪಾನಕವನ್ನು ಮಾಡಿದ ದಿನವೇ ಮುಗಿಸತಕ್ಕದ್ದು. ಸೆಕೆಯಲ್ಲಿ ಬೆಲ್ಲದ ನೀರು ಸಂಜೆಯ ವೇಳೆಗೆ ಹುದುಗತೊಡಗುವುದು. ನೊರೆ ಎದ್ದರೆ, ಹುಳಿವಾಸನೆ ತೋರಿದರೆ, ಮರುಗದೆ ಗಿಡದ ಬುಡಕ್ಕೆ ಚೆಲ್ಲಿರಿ.

ಉಪ್ಪಿನ ಮಹಿಮೆ

ಪಾನಕಕ್ಕೆ ಉಪ್ಪೇಕೆಂದು ಕೆಲವರು ಮೂಗು ಮುರಿಯುವರು. ಸಕ್ಕರೆ ಮತ್ತು ಉಪ್ಪು ತಕ್ಕ ಪ್ರಮಾಣದಲ್ಲಿ ಕೂಡಿದ್ದರೆ, ಕರುಳು ಅವೆರಡನ್ನೂ ಜೊತೆಯಾಗಿಯೇ ಒಳಗೆಳೆದುಕೊಳ್ಳುತ್ತದೆ. ನೀರು ಅವುಗಳನ್ನು ಹಿಂಬಾಲಿಸಿ ರಕ್ತಕ್ಕೆ ಸೇರುತ್ತದೆ. ಈ ಸಣ್ಣ ತತ್ತ್ವವು ಎಷ್ಟು ಪ್ರಾಣಗಳನ್ನು ಉಳಿಸಿತೆಂಬುದಕ್ಕೆ 1971ರ ಸಂಗತಿಯೇ ಸಾಕ್ಷಿ. ಆ ವರ್ಷ ಬಾಂಗ್ಲಾದೇಶದ ಯುದ್ಧದಿಂದ ಓಡಿ ಬಂದ ನಿರಾಶ್ರಿತರಲ್ಲಿ ವಾಂತಿಭೇದಿಯು ಹರಡಿತು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಸಿರೆಗೆ ಕೊಡುವ ಔಷಧ ದ್ರವವು ಸಾಲದಾದಾಗ, ಡಾಕ್ಟರ್ ದಿಲೀಪ್ ಮಹಾಲನಬೀಸರು ಉಪ್ಪು, ಗ್ಲೂಕೋಸು, ಅಡಿಗೆ ಸೋಡ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ ರೋಗಿಗಳ ಮನೆಯವರಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಮರಣವು ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಇದನ್ನು ಓದಿ ಪಾನಕವನ್ನೇ ಔಷಧವೆಂದು ಯಾರೂ ತಿಳಿಯಕೂಡದು. ಭೇದಿಯಾದ ಮಗುವಿಗೆ ಆಸ್ಪತ್ರೆಯಲ್ಲಿಯೂ ಔಷಧದಂಗಡಿಯಲ್ಲಿಯೂ ದೊರೆಯುವ ಓ.ಆರ್.ಎಸ್. ಪುಡಿಯೇ ಸರಿಯಾದುದು. ಅದು ಸಿಕ್ಕುವವರೆಗೆ ಕುದಿಸಿ ಆರಿಸಿದ 1 ಲೀಟರು ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಅಳತೆಯು ತಪ್ಪಕೂಡದು, ಉಪ್ಪು ಹೆಚ್ಚಾದರೆ ಅಪಾಯವುಂಟು. ಮಗುವು ಮಂಕಾದರೆ, ಮೂತ್ರವು ನಿಂತರೆ, ಮಲದಲ್ಲಿ ರಕ್ತವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಸಿಹಿಯ ಲೆಕ್ಕ

ಅಂಗಡಿಯ ಸಿಹಿಪಾನೀಯಗಳಲ್ಲಿ ಅನೇಕವು 100 ಮಿಲಿಲೀಟರಿಗೆ 10 ಗ್ರಾಮಿನಷ್ಟು ಸಕ್ಕರೆಯನ್ನು ಹೊಂದಿರುತ್ತವೆ. 300 ಮಿಲಿಲೀಟರು ಕುಡಿದವನು 30 ಗ್ರಾಂ ಸಕ್ಕರೆಯನ್ನು ಒಮ್ಮೆಗೇ ನುಂಗಿದಂತಾಯಿತು. ಬೆರೆಸಿದ ಸಕ್ಕರೆಯು ದಿನವೊಂದಕ್ಕೆ 25 ಗ್ರಾಮಿನೊಳಗಿದ್ದರೆ ಉತ್ತಮವೆಂಬುದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸೂಚನೆಯ ಸಾರ. ನಾವು ಹೇಳಿದ ಪಾನಕದ ಒಂದು ಲೋಟದಲ್ಲಿರುವ ಬೆಲ್ಲ 12 ಗ್ರಾಂ ಮಾತ್ರ. ಆದರೆ ಬೆಲ್ಲವೂ ಸಕ್ಕರೆಯ ಬಂಧುವೇ. ಬೆಲ್ಲವಾದರೆ ಬಾಧಕವಿಲ್ಲವೆಂದು ಮಧುಮೇಹಿಗಳಿಗೆ ಕೊಡುವುದು ತಪ್ಪು. ಅವರಿಗೆ ಸಿಹಿಯಿಲ್ಲದ ಶುಂಠಿ ನಿಂಬೆಯ ನೀರೋ, ನೀರು ಮಜ್ಜಿಗೆಯೋ ಇರಲಿ. ರಕ್ತದ ಒತ್ತಡವುಳ್ಳವರಿಗೆ ಉಪ್ಪನ್ನು ಬಿಡಿರಿ. ಬೆಲ್ಲಕ್ಕೆ ಬದಲಾಗಿ ಕೊಡಗಿನ ಜೇನನ್ನು ಬೆರೆಸುವವರು ಒಂದು ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಲೂ ಕೂಡದೆಂಬುದನ್ನು ನೆನಪಿಡಬೇಕು.

ಬೇರೆ ಎರಡು ಪಾನಕಗಳು

ಭೀಮಸೇನನ ಮಾವಿನಕಾಯಿಯ ಪಾನಕಕ್ಕೆ ನಡುಗಾತ್ರದ ಒಂದು ಕಾಯಿಯನ್ನು ಬೇಯಿಸಿ, ಸಿಪ್ಪೆ ತೆಗೆದು ತಿರುಳನ್ನು ಹಿಸುಕಿ, 1 ಲೀಟರು ನೀರು, 80 ಗ್ರಾಂ ಬೆಲ್ಲ, ಹುರಿದ ಜೀರಿಗೆಯ ಪುಡಿ, ಮೆಣಸು, ಉಪ್ಪು ಕೂಡಿಸಿದರಾಯಿತು. ಗ್ರಂಥದಲ್ಲಿ ಹೇಳಿರುವ ಕರ್ಪೂರವು ನಮ್ಮ ಮನೆಗಳಿಗೆ ಬೇಡ. ಪೂಜೆಯ ಕರ್ಪೂರವು ಮಕ್ಕಳಿಗೆ ವಿಷಪ್ರಾಯವಾದುದು.

ಬೇಸಗೆಯ ಕೊನೆಗೆ ಬೇಲಿಯ ಮೇಲೆ ಮಾಗುವ ಪ್ಯಾಷನ್ ಹಣ್ಣು ಬ್ರೆಜಿಲ್ ಕಡೆಯಿಂದ ಬಂದುದಾದರೂ ಕೊಡಗಿನಲ್ಲಿ ಚೆನ್ನಾಗಿ ನೆಲೆಯೂರಿದೆ. ನಮ್ಮೂರಿಗೆ ಸಮೀಪದ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಇದರ ‘ಕಾವೇರಿ’ ಎಂಬ ಮಿಶ್ರತಳಿಯನ್ನು ಹೊರತಂದಿದ್ದಾರೆ. ತಾನಾಗಿ ಉದುರಿದ ಹಣ್ಣನ್ನೇ ಆರಿಸಬೇಕು. ಏಳೆಂಟು ಹಣ್ಣುಗಳ ತಿರುಳನ್ನು ಜರಡಿಯ ಮೇಲೆ ಮೃದುವಾಗಿ ಉಜ್ಜಿ, ಬೀಜ ಒಡೆಯದಂತೆ ರಸವನ್ನು ತೆಗೆದು, 1 ಲೀಟರು ನೀರಿಗೆ ಬೆರೆಸಿರಿ. ಇದಕ್ಕೆ ಬೆಲ್ಲವು ಒಗ್ಗದು. ಸ್ವಲ್ಪ ಸಕ್ಕರೆ ಅಥವಾ ಜೇನು ಸಾಕು.

ಸೊಪ್ಪುಗಳ ವಿಷಯದಲ್ಲಿ ಒಂದು ಮಾತು. ಕೊಡವರು ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಅದಕ್ಕೆ ಅದರದೇ ದಿನವುಂಟು, ಕ್ರಮವುಂಟು. ಹಿರಿಯರು ಗುರುತಿಸಿ ಕೊಟ್ಟ ಗಿಡವನ್ನು ಮಾತ್ರ ಉಪಯೋಗಿಸಬೇಕೆಂಬ ಪಾಠವನ್ನು ನಾವು ಅದರಿಂದ ಕಲಿಯಬಹುದು. ಪರಿಮಳವಿದೆಯೆಂಬ ಮಾತ್ರಕ್ಕೆ ಗುರುತಿಲ್ಲದ ಕಾಡುಸೊಪ್ಪನ್ನು ಪಾನಕಕ್ಕೆ ಹಾಕುವುದು ಸಾಹಸವಲ್ಲ, ಅವಿವೇಕ.

ಕೊಟ್ಟು ಕುಡಿಯುವುದು

ಕನ್ನಡನಾಡಿನ ಶಾಸನಗಳಲ್ಲಿ ಕೆರೆ, ಛತ್ರಗಳ ಜೊತೆಗೆ ಅರವಟ್ಟಿಗೆಯೂ ಧರ್ಮಕಾರ್ಯವೆಂದು ಎಣಿಕೆಗೊಂಡಿದೆ. ದಾರಿಹೋಕನ ಬಾಯಾರಿಕೆಯನ್ನು ಹಿಂಗಿಸುವುದು ದಾನಗಳಲ್ಲಿ ದೊಡ್ಡದೆಂದು ನಮ್ಮವರು ಬಗೆದಿದ್ದರು. ಶ್ರೀರಾಮನವಮಿಯ ಪಾನಕ ಕೋಸಂಬರಿಗಳು ಆ ಭಾವನೆಯನ್ನು ಇಂದಿಗೂ ಉಳಿಸಿಕೊಂಡು ಬಂದಿವೆ. ಆ ಒಂದು ದಿನದ ಧರ್ಮವನ್ನು ಬೇಸಗೆಯ ಎಲ್ಲ ದಿನಗಳಿಗೂ ವಿಸ್ತರಿಸಿದರೆ ನಷ್ಟವೇನು? ಮನೆಯವರಿಗೆ ಐದು ಲೋಟ ಮಾಡುವಾಗ ಇನ್ನೆರಡು ಲೋಟ ಹೆಚ್ಚು ಮಾಡಿದರೆ ಟಪಾಲಿನವನಿಗೂ, ಬೇಲಿ ಕಟ್ಟುವ ಆಳಿಗೂ, ನೆರೆಮನೆಯ ಅಜ್ಜಿಗೂ ಆಗುವುದು. ಬಿಸಿಲಿನಿಂದ ಬಂದವರನ್ನು ಮೊದಲು ನೆರಳಿನಲ್ಲಿ ಕೂರಿಸಿ, ಬೆವರು ಆರಿದ ಮೇಲೆ ಲೋಟವನ್ನು ಕೈಗೆ ಕೊಡಿರಿ. ನಿಂಬೆ ಹಿಂಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿರಿ. ಅಳತೆ, ಶುಚಿ, ಅತಿಥಿಸತ್ಕಾರ ಈ ಮೂರು ಪಾಠಗಳು ಪುಸ್ತಕವಿಲ್ಲದೆ ಅವರಿಗೆ ದೊರೆಯುವುವು.