ಸೊಂಟನೋವು ಏಕೆ ಬರುತ್ತದೆ?

ಸೊಂಟ ಹಿಡಿದುಕೊಂಡು ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಬಹಳ ಮಂದಿ ಕೇಳುವ ಮೊದಲ ಪ್ರಶ್ನೆ, “ಡಾಕ್ಟರೇ, ಡಿಸ್ಕ್ ಜರುಗಿದೆಯೇ?” ಎಂಬುದು. ಹೆಚ್ಚಿನವರಿಗೆ ಉತ್ತರ “ಇಲ್ಲ” ಎಂದೇ ಆಗಿರುತ್ತದೆ.

ನಮ್ಮ ಸೊಂಟದ ಭಾಗದಲ್ಲಿ 5 ಬೆನ್ನುಮೂಳೆಗಳಿವೆ. ಒಂದು ಮೂಳೆಗೂ ಇನ್ನೊಂದಕ್ಕೂ ನಡುವೆ ಮೆತ್ತೆಯಂತಿರುವುದೇ ಡಿಸ್ಕ್. ಇವನ್ನೆಲ್ಲ ಸ್ನಾಯುಗಳು ಹಿಡಿದು ನಿಲ್ಲಿಸಿರುತ್ತವೆ. ದಿನವಿಡೀ ಬಗ್ಗಿ ಕಳೆ ತೆಗೆಯುವುದು, ತುಂಬಿದ ಕೊಡವನ್ನು ಸೊಂಟ ತಿರುಗಿಸಿ ಎತ್ತುವುದು, ಮೂಟೆ ಹೊರುವುದು, ಹಾಳಾದ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸುವುದು, ಒಂದೇ ಸಮನೆ ಕುರ್ಚಿಯಲ್ಲಿ ಕೂರುವುದು, ಇವುಗಳಿಂದ ಸ್ನಾಯುಗಳು ಉಳುಕಿ ಬಿಗಿಯುತ್ತವೆ. ಸೊಂಟನೋವುಗಳಲ್ಲಿ ಬಹುಪಾಲು ಇಂಥದ್ದೇ. ಇದು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿಯೇ ಇರಬೇಡಿ. ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ. ಬಿಸಿನೀರಿನ ಶಾಖ, ಮನೆಯೊಳಗಿನ ಓಡಾಟ ಒಳ್ಳೆಯದು. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿಯೂ ಕೆಲವೆಡೆ ಇದೆ. ಮೂಳೆ ಸವೆದ ವಯಸ್ಸಾದವರಿಗೆ ಇದು ಅಪಾಯ.

ಡಿಸ್ಕ್ ಉಬ್ಬಿ ನರವನ್ನು ಒತ್ತಿದಾಗ ನೋವು ಸೊಂಟದಲ್ಲೇ ನಿಲ್ಲುವುದಿಲ್ಲ. ಪೃಷ್ಠದಿಂದ ಇಳಿದು ಮೊಣಕಾಲಿನ ಕೆಳಗೆ ಪಾದದವರೆಗೆ ಸೆಳೆಯುತ್ತದೆ, ಜೋಮು ಹಿಡಿಯುತ್ತದೆ, ಕೆಮ್ಮಿದರೆ ಸೀನಿದರೆ ಹೆಚ್ಚುತ್ತದೆ. ಇದರಲ್ಲಿಯೂ ಹೆಚ್ಚಿನವರು ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗುತ್ತಾರೆ. ಯಾವ ನೋವೂ ಇಲ್ಲದ 40 ವರ್ಷದವರಿಗೆ ಎಂ.ಆರ್.ಐ. ಮಾಡಿದರೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಆದ್ದರಿಂದ ವೈದ್ಯರು “ಈಗ ಸ್ಕ್ಯಾನ್ ಬೇಡ” ಎಂದರೆ ಅಸಡ್ಡೆ ಎಂದು ತಿಳಿಯಬೇಡಿ. ಸಾವಿರಾರು ರೂಪಾಯಿ ಉಳಿಯಿತೆಂದು ತಿಳಿಯಿರಿ.

ತಾಯಂದಿರಿಗೆ ಒಂದು ಮಾತು. ಹೆರಿಗೆ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ವರ್ಷಗಟ್ಟಲೆ ಸೊಂಟನೋವು ಎಂದು ಅನೇಕರು ನಂಬಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ಗರ್ಭದ ಭಾರಕ್ಕೆ ಸಡಿಲಗೊಂಡ ಹೊಟ್ಟೆಯ ಸ್ನಾಯುಗಳು, ಬಗ್ಗಿ ಮಗುವನ್ನು ಎತ್ತುವುದು, ಬಿಡುವಿಲ್ಲದ ದುಡಿಮೆ ಇವೇ ನಿಜವಾದ ಕಾರಣಗಳು. ಬಾಣಂತನ ಮುಗಿದ ಮೇಲೆ ವೈದ್ಯರನ್ನು ಕೇಳಿ ವ್ಯಾಯಾಮ ಕಲಿಯಿರಿ.

ಕೆಲವು ನೋವುಗಳನ್ನು ಮಾತ್ರ ಕಾಯುತ್ತಾ ಕೂರಬಾರದು. ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು, ಕೆಮ್ಮು ಇರಲೇಬೇಕೆಂದಿಲ್ಲ. ಇದಕ್ಕೆ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಸಿ ಹಾಲು ಕುಡಿಯುವವರಿಗೆ, ದನಕುರಿ ಸಾಕುವವರಿಗೆ ಬರುವ ಬ್ರುಸೆಲ್ಲಾ ಸೋಂಕೂ ಹೀಗೆಯೇ ಕಾಣಿಸಬಹುದು. ಅಂಥವರು ಕಸುಬನ್ನು ವೈದ್ಯರಿಗೆ ಮರೆಯದೆ ಹೇಳಿ. ವೃದ್ಧರಲ್ಲಿ ಜಾರಿಬಿದ್ದ ನಂತರದ ನೋವು ಮೂಳೆ ಕುಸಿದದ್ದರಿಂದಿರಬಹುದು.

ಜೊತೆಗಿರುವವರು ಒಂದನ್ನು ಮುಖ್ಯವಾಗಿ ವಿಚಾರಿಸಿ: ಮೂತ್ರ ಕಟ್ಟಿದೆಯೇ ಅಥವಾ ತಿಳಿಯದೆ ಹೋಗುತ್ತಿದೆಯೇ, ತೊಡೆಸಂದಿ ಹಾಗೂ ಗುದದ ಸುತ್ತ ಸ್ಪರ್ಶ ತಿಳಿಯುತ್ತಿಲ್ಲವೇ, ಕಾಲಿನ ಶಕ್ತಿ ಕುಂದುತ್ತಿದೆಯೇ? ಸಂಕೋಚದಿಂದ ರೋಗಿ ತಾವಾಗಿ ಹೇಳುವುದಿಲ್ಲ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತನ್ನಿ. ನರಗಳ ಮೇಲಿನ ಒತ್ತಡವನ್ನು ತಡವಾಗಿ ತೆಗೆದರೆ ಮೂತ್ರದ ಹಿಡಿತವೂ ಕಾಲಿನ ಬಲವೂ ಮರಳಿ ಬಾರದೇ ಹೋಗಬಹುದು.