ಬಕದಂಪತಿಗಳ ಸಂಸಾರ

ಬಕಪಕ್ಷಿಗೆ ನಮ್ಮ ಜನರಲ್ಲಿ ಒಳ್ಳೆಯ ಹೆಸರಿಲ್ಲ. ಕಪಟ ಸಂನ್ಯಾಸಿಯನ್ನು ಕಂಡರೆ ಬಕಧ್ಯಾನವೆನ್ನುತ್ತೇವೆ. ಪಂಚತಂತ್ರದಲ್ಲಿ ಮೀನುಗಳನ್ನು ವಂಚಿಸಿದ ಬಕ ಕಡೆಗೆ ಏಡಿಯಿಂದ ಹತವಾಗುತ್ತದೆ. ಕೆರೆಯಂಚಿನಲ್ಲಿ ಅದರ ಮೌನವನ್ನಷ್ಟೆ ನೋಡಿದವರು ಹಬ್ಬಿಸಿದ ಕೀರ್ತಿಯಿದು. ಮರದ ಮೇಲೆ ಅದು ಹೂಡುವ ಸಂಸಾರವನ್ನು ಕಂಡವರು ಬೇರೆ ಮಾತನಾಡಿಯಾರು.

ಬೆಳಗಾವಿಯ ಕೋಟೆಕೆರೆಯ ದಡದಲ್ಲಾಗಲಿ, ಖಾನಾಪುರದ ಬಳಿ ಮಲಪ್ರಭೆಯ ಮಡುಗಳಲ್ಲಾಗಲಿ, ಭತ್ತದ ಗದ್ದೆಗಳ ಬದುವಿನಲ್ಲಾಗಲಿ ಕೊಳದ ಬಕ ಕಣ್ಣಿಗೆ ಬೀಳದಿರದು. ವರ್ಷದ ಬಹುಕಾಲ ಅದು ಮಣ್ಣಿನ ಬಣ್ಣದ ಹಕ್ಕಿ. ಹಾರಿದಾಗ ಮಾತ್ರ ಬಿಳಿಯ ರೆಕ್ಕೆಗಳು ಫಕ್ಕನೆ ಹೊಳೆಯುತ್ತವೆ. ಸಂತಾನಕಾಲ ಬಂದೊಡನೆ ಬೆನ್ನಿನ ಮೇಲೆ ಕಂದುಗೆಂಪು ಗರಿಗಳು ಶಾಲು ಹೊದಿಸಿದಂತೆ ಇಳಿಬೀಳುತ್ತವೆ. ನೆತ್ತಿಯಲ್ಲಿ ಉದ್ದನೆಯ ಬಿಳಿಯ ಜುಟ್ಟು ಮೂಡುತ್ತದೆ. ನವಿಲಿನಂತೆ ಇಲ್ಲಿ ವರನೊಬ್ಬನೇ ಸಿಂಗರಿಸಿಕೊಳ್ಳುವುದಿಲ್ಲ. ವಧುವಿಗೂ ಅದೇ ಉಡುಗೆ.

ಪ್ರಣಯದ ವಿಧಿಗಳನ್ನು ಬೂದು ಬಕದಲ್ಲಿ ಸ್ಪಷ್ಟವಾಗಿ ಕಾಣಬಹುದು. ಗಂಡು ಮೊದಲು ಗೂಡಿನ ತಾಣವನ್ನು ಹಿಡಿಯುತ್ತದೆ. ಕತ್ತನ್ನು ನೆಟ್ಟಗೆ ಮುಗಿಲಿಗೆ ಚಾಚಿ, ಮೆಲ್ಲನೆ ಬೆನ್ನಿನತ್ತ ಬಾಗಿಸಿ ಹೆಣ್ಣನ್ನು ಕರೆಯುತ್ತದೆ. ಕರೆಗೆ ಓಗೊಟ್ಟು ಬಂದ ಹೆಣ್ಣನ್ನು ಆರಂಭದಲ್ಲಿ ಕೊಕ್ಕಿನಿಂದ ತಿವಿದು ಅಟ್ಟುವುದೂ ಉಂಟು! ಮೀನನ್ನು ಇರಿಯುವ ಆಯುಧವನ್ನೇ ಮುಖದಲ್ಲಿ ಹೊತ್ತಿರುವ ಎರಡು ಜೀವಗಳು ಹತ್ತಿರವಾಗುವುದು ಸುಲಭವಲ್ಲ. ನಂಬಿಕೆ ನೆಲೆಗೊಂಡ ಬಳಿಕ ಗಂಡು ಕಡ್ಡಿಗಳನ್ನು ತಂದೊಪ್ಪಿಸುತ್ತದೆ. ಹೆಣ್ಣು ಒಂದೊಂದಾಗಿ ಗೂಡಿಗೆ ಹೆಣೆಯುತ್ತದೆ. ಸುಮಾರು 25 ದಿನಗಳ ಕಾವು, ಆಮೇಲೆ ಮರಿಗಳ ಪೋಷಣೆ ಎರಡೂ ಹಕ್ಕಿಗಳ ಪಾಲಿನವು. ಈ ಜೋಡಿ ಸಾಮಾನ್ಯವಾಗಿ ಒಂದು ಋತುವಿನದು. ಆದರೆ ಆ ಋತುವಿನ ಹೊಣೆಯನ್ನು ಎರಡೂ ಹೊರುತ್ತವೆ.

ಇಂಥ ಮದುವೆಯ ಉಡುಗೆಯೇ ಬಕದ ಬಂಧುವಾದ ಬೆಳ್ಳಕ್ಕಿಗೆ ಒಮ್ಮೆ ಮೃತ್ಯುವಾಗಿತ್ತು. ಪಾಶ್ಚಾತ್ಯ ಮಹಿಳೆಯರ ಟೋಪಿಗಳ ಅಲಂಕಾರಕ್ಕಾಗಿ ಗೂಡಿನಲ್ಲಿದ್ದ ಹಕ್ಕಿಗಳನ್ನೇ ಕೊಂದು ಗರಿ ಕೀಳುತ್ತಿದ್ದರು. 1902ರಲ್ಲಿ ಭಾರತದಿಂದ ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೂಡು, ಮೊಟ್ಟೆಗಳನ್ನು ಕೆಡಿಸುವುದೂ ಬೇಟೆಯೇ.

ಇಂದಿನ ಅಪಾಯ ನಮ್ಮ ಅಂಗಳದಲ್ಲೇ ಇದೆ. ಬಕಗಳು ಊರ ನಡುವಿನ ದೊಡ್ಡ ಮರಗಳಲ್ಲೂ ಗುಂಪುಗೂಡಿ ಗೂಡು ಕಟ್ಟುತ್ತವೆ. ಹಿಕ್ಕೆಯ ನಾತಕ್ಕೆ ಬೇಸತ್ತು ಕೊಂಬೆ ಕಡಿಸುವವರುಂಟು. ರಸ್ತೆ ಅಗಲವಾಗಬೇಕೆಂದು ಮರವನ್ನೇ ಉರುಳಿಸುವುದೂ ಉಂಟು. ಒಂದು ಮರ ಬಿದ್ದರೆ ಹಲವು ಸಂಸಾರಗಳು ಮಣ್ಣುಪಾಲಾಗುತ್ತವೆ. ಮೊಟ್ಟೆಯಿಟ್ಟು ಮರಿಗಳು ಹಾರಿಹೋಗಲು ಎರಡು ಮೂರು ತಿಂಗಳು ಸಾಕು. ಅಷ್ಟು ಕಾಲ ಕೊಡಲಿಯನ್ನು ಕೆಳಗಿಟ್ಟರೆ ನಮಗೇನೂ ನಷ್ಟವಿಲ್ಲ. ಮಕ್ಕಳಿಗೆ ಮಾತ್ರ ಕಿಟಕಿಯಿಂದಲೇ ನೋಡಿ ಕಲಿಯಬಹುದಾದ ಪಾಠವೊಂದು ಉಳಿದೀತು.